25 ಚದರ ಇಂಚಿನ ತೋರಣ

2020ರ ದೀಪಾವಳಿ ಮುಗಿದು ಎರಡು ವಾರವೂ ಆಗಿರಲಿಲ್ಲ, ಅಂಚೆ ಡಬ್ಬಿಯಲ್ಲಿ ಒಂದು ಕಾಗದ. ಒಳಗೆ ನಮ್ಮದೇ ಮುಂಬಾಗಿಲಿನ ಫೋಟೊ. ರಸ್ತೆಯಲ್ಲಿ ಕಾರು ನಿಲ್ಲಿಸಿ ಕಿಟಕಿಯಿಂದಲೇ ತೆಗೆದದ್ದು ಅಂತ ನೋಡಿದರೇ ಗೊತ್ತಾಗುತ್ತಿತ್ತು. ಬಾಗಿಲ ಮೇಲಿನ ಪ್ಲಾಸ್ಟಿಕ್ ಮಾವಿನೆಲೆ ತೋರಣದ ಸುತ್ತ ಯಾರೋ ಕೆಂಪು ವೃತ್ತ ಎಳೆದಿದ್ದರು. ಅನುಮತಿ ಪಡೆಯದ ಅಲಂಕಾರ, 30 ದಿನದೊಳಗೆ ತೆಗೆಯಿರಿ, ಇಲ್ಲವಾದರೆ ದಂಡ. ಎದುರು ಸಾಲಿನ ಮನೆಯ ಅಂಗಳದಲ್ಲಿ ಹ್ಯಾಲೊವೀನ್‌ಗೆ ನಿಲ್ಲಿಸಿದ್ದ ಹನ್ನೆರಡು ಅಡಿಯ ಅಸ್ಥಿಪಂಜರ ಆಗಲೂ ನಿಂತೇ ಇತ್ತು. ಅದರ ತಲೆಗೆ ಸಾಂಟಾ ಟೋಪಿ ಬೇರೆ ಬಂದಿತ್ತು.

ನಾವಿರುವುದು ಟೆಕ್ಸಾಸ್‌ನಲ್ಲಿ, ಡಲ್ಲಾಸ್‌ನ ಉತ್ತರದ ಉಪನಗರವೊಂದರಲ್ಲಿ. ಸುತ್ತಮುತ್ತ ಕನ್ನಡ ಕೇಳಿಸುವಷ್ಟು ನಮ್ಮವರಿದ್ದಾರೆ. ಇಲ್ಲಿ ಹೊಸ ಬಡಾವಣೆಯಲ್ಲಿ ಮನೆ ಕೊಂಡರೆ ಎಚ್‌ಒಎ, ಅಂದರೆ ಮನೆ ಮಾಲೀಕರ ಸಂಘ, ಮನೆಯ ಜೊತೆಗೇ ಬರುತ್ತದೆ. ಬೇಡ ಅನ್ನುವ ಹಾಗಿಲ್ಲ, ರಾಜೀನಾಮೆ ಕೊಡುವ ಹಾಗಿಲ್ಲ. ಬೆಂಗಳೂರಿನ ಅಪಾರ್ಟ್‌ಮೆಂಟ್ ಅಸೋಸಿಯೇಷನ್ ಕಂಡವರಿಗೆ ಇದು ಅರ್ಧ ಗೊತ್ತಿರುವ ಕಥೆ. ಆದರೆ ಇಲ್ಲಿನವು ಬಿಡಿ ಮನೆಗಳು. ಹುಲ್ಲು ನಮ್ಮದು, ಬೇಲಿ ನಮ್ಮದು, ಸಾಲವೂ ನಮ್ಮದೇ. ಹುಲ್ಲು ಎಷ್ಟು ಬೆಳೆಯಬೇಕು, ಬೇಲಿಗೆ ಯಾವ ಬಣ್ಣ, ಕಸದ ಡಬ್ಬಿ ಎಷ್ಟು ಹೊತ್ತು ರಸ್ತೆಗೆ ಕಾಣಬಹುದು ಎನ್ನುವುದು ಮಾತ್ರ ಅವರ ಪುಸ್ತಕದಲ್ಲಿರುತ್ತದೆ. ಬರೀ ದಂಡದ ಬಾಕಿಗೆ ಮನೆ ಹರಾಜು ಹಾಕುವಂತಿಲ್ಲ. ವಾರ್ಷಿಕ ಶುಲ್ಕ ಬಾಕಿ ಉಳಿದರೆ ಹಾಕಬಹುದು. ಈ ವ್ಯತ್ಯಾಸ ನನಗೆ ಆಗ ಗೊತ್ತಿರಲಿಲ್ಲ. ಆ ರಾತ್ರಿ ನಾನು ತೋರಣಕ್ಕೆ ಮನೆ ಹೋಯಿತು ಅಂತಲೇ ಅಂದುಕೊಂಡಿದ್ದೆ.

"ತೆಗೆದು ಒಳಗಿಟ್ಟರೆ ಆಯಿತಪ್ಪ, ಇಲ್ಲದ ಉಸಾಬರಿ ನಮಗ್ಯಾಕೆ?" ಅಂದರು ನನ್ನ ಯಜಮಾನರು. ಅವರು ಹೆದರಿದ್ದು ದಂಡಕ್ಕಲ್ಲ. ನಾವು ಎಚ್-1ಬಿ ವೀಸಾದವರು. ಗ್ರೀನ್ ಕಾರ್ಡಿನ ಸಾಲಿನಲ್ಲಿ ನಿಂತು ವರ್ಷಗಳೇ ಆಗಿದ್ದವು. ಅಂಥವರ ಮನೆಯಲ್ಲಿ ಯಾವ ಕಾಗದ ಬಂದರೂ ಎದೆ ಒಮ್ಮೆ ಧಸಕ್ ಅನ್ನುತ್ತದೆ, ಅದು ಗ್ಯಾಸ್ ಬಿಲ್ಲೇ ಆಗಿರಲಿ.

ನಾನು ತೆಗೆಯಲಿಲ್ಲ. ಧರ್ಮಶ್ರದ್ಧೆ ಉಕ್ಕಿ ಬಂತು ಅಂತೇನಲ್ಲ. ತಿಪಟೂರಿನ ನಮ್ಮ ಮನೆಯಲ್ಲಿ ಬರಿದಾದ ಬಾಗಿಲನ್ನು ಅಮ್ಮ "ಬೋಳು ಬಾಗಿಲು" ಅನ್ನುತ್ತಿದ್ದಳು. ಆ ಮಾತು ಕಿವಿಯಲ್ಲಿತ್ತು ಅಷ್ಟೆ. ಜೊತೆಗೆ ಆ ಕೆಂಪು ವೃತ್ತ ನನ್ನನ್ನು ವಿಪರೀತ ಕೆಣಕಿತ್ತು.

ಅಂತರ್ಜಾಲದಲ್ಲಿ ಟೆಕ್ಸಾಸ್‌ನ ಪ್ರಾಪರ್ಟಿ ಕೋಡ್, ಅಂದರೆ ಆಸ್ತಿ ಕಾನೂನಿನ ಸಂಹಿತೆ, ಇಡೀ ಸಿಗುತ್ತದೆ. ಅದರ 202.018ನೇ ಕಲಂ ಓದಿದಾಗ ಮೊದಲು ಖುಷಿಯಾಯಿತು. ಬಾಗಿಲಿಗೆ ಧಾರ್ಮಿಕ ವಸ್ತು ಹಾಕಿಕೊಳ್ಳುವುದನ್ನು ಎಚ್‌ಒಎ ತಡೆಯುವಂತಿಲ್ಲ ಅಂತ 2011ರಲ್ಲೇ ಶಾಸನವಾಗಿತ್ತು. ಕೆಳಗೆ ಇಳಿದ ಹಾಗೆ ಖುಷಿಯೂ ಇಳಿಯಿತು. ವಸ್ತು ಬಾಗಿಲು ಅಥವಾ ಅದರ ಚೌಕಟ್ಟಿನ ಮೇಲೇ ಇರಬೇಕು, ಚೌಕಟ್ಟಿನ ಹೊರ ಅಂಚು ದಾಟಬಾರದು, ಎಲ್ಲ ಸೇರಿ 25 ಚದರ ಇಂಚು ಮೀರಬಾರದು. ಅಂದರೆ ಐದಿಂಚು ಉದ್ದ, ಐದಿಂಚು ಅಗಲ. ಟೇಪು ಹಿಡಿದು ಅಳೆದೆ. 36 ಇಂಚಿನ ಬಾಗಿಲು, ಎಂಟಿಂಚು ಇಳಿಬಿದ್ದ ಎಲೆ, ಒಟ್ಟು 288. ಕಾನೂನು ನನಗೆ ಮೂರು ಎಲೆಗೆ ಅವಕಾಶ ಕೊಟ್ಟಿತ್ತು.

ನಮ್ಮ ಬೀದಿಯಲ್ಲೊಂದು ಯಹೂದಿ ಕುಟುಂಬವಿದೆ. ಅವರ ಬಾಗಿಲ ಪಟ್ಟಿಯ ಮೇಲೆ ಬೆರಳುದ್ದದ ಮೆಜುಜಾ ಇದೆ, ಒಳಗೆ ಶಾಸ್ತ್ರವಾಕ್ಯ ಬರೆದ ಸುರುಳಿ ಇರುವ ಪುಟ್ಟ ಕರಂಡಕ. ಅದು 25 ಚದರ ಇಂಚಿನೊಳಗೆ ಆರಾಮಾಗಿ ಕೂರುತ್ತದೆ. ಕಾನೂನು ಬರೆದವರ ಕಣ್ಮುಂದೆ ಇದ್ದದ್ದು ಅಂಥ ಬಾಗಿಲಿರಬೇಕು. ತೋರಣದ ಬಾಗಿಲನ್ನು ಅವರು ಯಾಕಾದರೂ ನೆನೆಯಬೇಕು? ನಾವು ಯಾರೂ ಹೋಗಿ ಹೇಳಿರಲಿಲ್ಲವಲ್ಲ.

ಎಚ್‌ಒಎ ನಡೆಸುವ ಬೋರ್ಡಿನ ಮುಂದೆ ವಿಚಾರಣೆ ಬೇಕು ಅಂತ ಬರೆದು ಕೇಳಿದೆ. ಕೋವಿಡ್ ಕಾಲ, ಜನವರಿಯಲ್ಲಿ ಝೂಮ್ ಮೇಲೆ ಹತ್ತು ನಿಮಿಷ ಕೊಟ್ಟರು. ತೋರಣದ ಬಗ್ಗೆ ಒಂದು ಪುಟ ಬರೆದುಕೊಂಡು, ಇಸ್ತ್ರಿ ಮಾಡಿದ ಕುರ್ತಾ ಹಾಕಿಕೊಂಡು ಕೂತೆ. ಅವರು ಸ್ಕ್ರೀನ್ ಹಂಚಿಕೊಂಡು ಒಂದಾದ ಮೇಲೊಂದು ಫೋಟೊ ತೋರಿಸತೊಡಗಿದರು. ಕಸದ ಡಬ್ಬಿ. ಗ್ಯಾರೇಜ್ ಮುಂದೆ ಬಿಟ್ಟ ಮಗನ ಸೈಕಲ್. ಯುಗಾದಿಯ ರಂಗೋಲಿ. ಬೇಸಿಗೆಯಲ್ಲಿ ಒಣಗಿದ ಹುಲ್ಲಿನ ಮೂಲೆ. ಹತ್ತು ತಿಂಗಳ ನಮ್ಮ ಮನೆಯ ಆಲ್ಬಂ ಅದು, ನಾವು ಯಾವತ್ತೂ ನೋಡಿರದಿದ್ದದ್ದು. ಯಾವುದಕ್ಕೆ ಏನು ಉತ್ತರ ಕೊಡಬೇಕು ಅಂತಲೇ ತಿಳಿಯದೆ "ಸಾರಿ, ಸಾರಿ" ಅಂದೆ. ತೋರಣದ ಪುಟ ಕೈಯಲ್ಲೇ ಉಳಿಯಿತು. ದಂಡ ಖಾಯಂ ಆಯಿತು, ತೋರಣ ಒಳಗೆ ಹೋಯಿತು. ಮೊತ್ತ ದೊಡ್ಡದಲ್ಲ, ಹೋಟೆಲಿನಲ್ಲಿ ಇಬ್ಬರ ಊಟದಷ್ಟು. ಆದರೆ ಆ ಫೋಟೊಗಳು ನಿದ್ದೆ ಕೆಡಿಸಿದವು.

ಇಷ್ಟಕ್ಕೇ ಕಥೆ ಮುಗಿಯಬೇಕಿತ್ತು. ಮುಗಿಯದೇ ಇದ್ದದ್ದು ಫೆಬ್ರವರಿಯ ಹಿಮಗಾಳಿಯಿಂದ.

2021ರ ಫೆಬ್ರವರಿ ನಡುವಿನ ಆ ವಾರವನ್ನು ಟೆಕ್ಸಾಸ್‌ನಲ್ಲಿದ್ದವರು ಯಾರೂ ಮರೆಯುವುದಿಲ್ಲ. ಡಲ್ಲಾಸ್‌ನಲ್ಲಿ ಪಾದರಸ ಮೈನಸ್ 19 ಡಿಗ್ರಿ ಸೆಲ್ಸಿಯಸ್‌ಗೆ ಇಳಿಯಿತು. ಕರೆಂಟ್ ಹೋಯಿತು, ಗೋಡೆಯೊಳಗಿನ ನೀರಿನ ಪೈಪುಗಳು ಒಡೆದವು. ನಮ್ಮದು ಗ್ಯಾಸ್ ಒಲೆ, ಬೆಂಕಿಕಡ್ಡಿ ಗೀರಿದರೆ ಹೊತ್ತಿಕೊಳ್ಳುತ್ತಿತ್ತು. ಆರು ಮನೆಯವರು ನಮ್ಮ ಅಡುಗೆಮನೆಗೆ ಬಂದು ಕೂತರು. ಎರಡು ದಿನ ಅನ್ನ, ಮೆಣಸಿನ ಸಾರು, ಮತ್ತೆ ಅನ್ನ, ಮತ್ತೆ ಸಾರು. ಎದುರು ಮನೆಯ ನಿವೃತ್ತ ಪೋಸ್ಟ್‌ಮ್ಯಾನ್, ಎಪ್ಪತ್ತು ದಾಟಿದ ಬಿಳಿಯ ಅಜ್ಜ, ಮೂರನೇ ಲೋಟ ಸಾರು ಹೀರುತ್ತಾ ಬಾಗಿಲ ಕಡೆ ನೋಡಿ, ನಿಮ್ಮ ಎಲೆಗಳು ಎಲ್ಲಿ ಹೋದವು ಅಂದ. ಹೇಳಿದೆ. ಅವನು ನಕ್ಕ. ಅವನಿಗೆ ಬಾಗಿಲ ಬಳಿಯ ಕ್ಯಾಮೆರಾಕ್ಕೆ ಕಾಗದ ಬಂದಿತ್ತು. ಕೇರಳದ ನರ್ಸ್ ಒಬ್ಬಳಿಗೆ ಈಜುಕೊಳದ ಸುತ್ತ ಮಗುವಿಗಾಗಿ ಹಾಕಿಸಿದ ಬೇಲಿಗೆ. ಮೆಜುಜಾದ ಮನೆಗೆ ಚಾವಣಿಯ ಬಣ್ಣಕ್ಕೆ. ಎಲ್ಲರ ಡ್ರಾಯರಿನಲ್ಲೂ ಒಂದೊಂದು ಕಾಗದ ಇತ್ತು. ಇಷ್ಟು ವರ್ಷ ಪಕ್ಕದಲ್ಲಿದ್ದೂ ಒಬ್ಬರಿಗೊಬ್ಬರು ಹೇಳಿಕೊಂಡಿರಲಿಲ್ಲ, ನಾಚಿಕೆ.

ಈ ಅಜ್ಜನೇ ನಮಗೆ ಮೊದಲ ಪಾಠ ಹೇಳಿದವನು. ಟೆಕ್ಸಾಸ್‌ನ ಎಚ್‌ಒಎ ಕಾನೂನಿನ ಪ್ರತಿ ಕಲಂ ಹಿಂದೆ ಯಾರೋ ಒಬ್ಬರ ಮನೆ ಇದೆ ಅಂದ. ಪ್ರಾಪರ್ಟಿ ಕೋಡ್‌ನಲ್ಲಿ ಎಚ್‌ಒಎಗಳಿಗೆ ಅಂಕೆ ಹಾಕುವ 209ನೇ ಅಧ್ಯಾಯ ಹುಟ್ಟಿದ್ದು 2001ರಲ್ಲಿ. ಹ್ಯೂಸ್ಟನ್‌ನ ಎಂಬತ್ತು ದಾಟಿದ ವಿಧವೆಯೊಬ್ಬಳ ಮನೆ ಸಾವಿರ ಡಾಲರೂ ಇರದ ಬಾಕಿಗೆ ಹರಾಜಾಗಿ ಗುಲ್ಲೆದ್ದ ಹೊತ್ತು ಅದು. 2011ರ ತಿದ್ದುಪಡಿಗಳ ಹಿಂದೆ ನಮ್ಮ ಉತ್ತರ ಟೆಕ್ಸಾಸ್‌ನದೇ ಒಂದು ಮನೆ ಇತ್ತು. ಯಜಮಾನ ಸೈನಿಕ, ಇರಾಕ್‌ನಲ್ಲಿದ್ದ. ಸುಮಾರು 800 ಡಾಲರ್ ಬಾಕಿಗೆ, ಮೂರು ಲಕ್ಷ ಡಾಲರಿನ ಆಸುಪಾಸಿನ ಮನೆ 3,200 ಡಾಲರಿನಷ್ಟಕ್ಕೆ ಹೋಯಿತು. ಆಮೇಲೆ ಬಂದ ಕಾನೂನು, ಎಚ್‌ಒಎ ಮನೆ ಹರಾಜು ಹಾಕಬೇಕಾದರೆ ಮೊದಲು ನ್ಯಾಯಾಲಯದ ಆದೇಶ ತರಬೇಕು ಅಂದಿತು. ಇದನ್ನೆಲ್ಲ ಕೇಳಿದ ಮೇಲೆ ನನ್ನ ಮೂರೆಲೆ ತೋರಣದ ಕಥೆ ಹೇಳಲು ನನಗೇ ಮುಜುಗರವಾಯಿತು.

"ಹಾಗಾದರೆ ನಾವೂ ಹೋಗೋಣ" ಅಂದದ್ದು ಮಾತ್ರ ನರ್ಸ್.

ಟೆಕ್ಸಾಸ್ ಶಾಸನಸಭೆ ಎರಡು ವರ್ಷಕ್ಕೊಮ್ಮೆ ಕೂಡುತ್ತದೆ, ಬೆಸ ಸಂಖ್ಯೆಯ ವರ್ಷದಲ್ಲಿ, 140 ದಿನ. ಆ ಸಲ ಜನವರಿ 12ಕ್ಕೆ ಶುರು, ಮೇ 31ಕ್ಕೆ ಕೊನೆ. ಈ ಅವಧಿ ತಪ್ಪಿದರೆ ಮುಂದಿನದಕ್ಕೆ 2023ರವರೆಗೆ ಕಾಯಬೇಕು. ಸುಮಾರು 7,000 ಮಸೂದೆ ಮಂಡನೆಯಾಗುತ್ತವೆ, ಸಾವಿರದಷ್ಟು ದಡ ಸೇರುತ್ತವೆ. ಹೆಚ್ಚಿನವನ್ನು ಯಾರೂ ಕೊಲ್ಲುವುದಿಲ್ಲ, ದಿನ ಮುಗಿದು ತಾವೇ ಸಾಯುತ್ತವೆ. ನಮ್ಮ ಪುಣ್ಯಕ್ಕೆ ಆ ವರ್ಷ ಎಚ್‌ಒಎ ಸುಧಾರಣೆಯ ದೊಡ್ಡ ಮಸೂದೆಯೊಂದು ಎರಡೂ ಸದನದಲ್ಲಿತ್ತು. ಸೆನೆಟ್‌ನಲ್ಲಿ ರಿಪಬ್ಲಿಕನ್ ಬ್ರಯನ್ ಹ್ಯೂಸ್ ಅವರ ಎಸ್‌ಬಿ (ಸೆನೆಟ್ ಬಿಲ್) 1588, ಕೆಳಮನೆ ಹೌಸ್‌ನಲ್ಲಿ ಡೆಮಾಕ್ರಟ್ ಕ್ರಿಸ್ ಟರ್ನರ್ ಅವರ ಎಚ್‌ಬಿ (ಹೌಸ್ ಬಿಲ್) 3367. ಕ್ಯಾಮೆರಾ, ಈಜುಕೊಳದ ಬೇಲಿ ಎಲ್ಲವೂ ಅದರಲ್ಲಿತ್ತು. ಓದುತ್ತಾ ಓದುತ್ತಾ ನಾನು ಒಂದು ಸಾಲಿನ ಮೇಲೆ ನಿಂತೆ: ವಿಚಾರಣೆಗೆ 10 ದಿನ ಮೊದಲೇ, ಬೋರ್ಡು ಬಳಸಲಿರುವ ಎಲ್ಲ ದಾಖಲೆ, ಫೋಟೊ, ಪತ್ರಗಳ ಕಟ್ಟನ್ನು ಮನೆಯವರಿಗೆ ಕೊಡಬೇಕು. ಕೊಡದಿದ್ದರೆ ವಿಚಾರಣೆ ತಾನಾಗಿ 15 ದಿನ ಮುಂದಕ್ಕೆ. ಝೂಮಿನ ಆ ಆಲ್ಬಂ ನೆನಪಾಗಿ ಮೈ ಬಿಸಿಯಾಯಿತು. ಇದು ನನಗೆಂದೇ ಬರೆದ ಸಾಲು ಅನ್ನಿಸಿತು. ಹಾಗೇನೂ ಅಲ್ಲ ಅನ್ನುವುದು ಬೇರೆ ಮಾತು.

ಚಳವಳಿ ಅಂದರೆ ವಾಟ್ಸಾಪ್ ಗುಂಪು. ಮೊದಲ ವಾರದಲ್ಲೇ ಒಡೆಯಿತು, ಒಡೆದವರು ನಮ್ಮವರೇ. "ಎಚ್‌ಒಎ ಇರೋದಕ್ಕೇ ನಮ್ಮ ಮನೆ ಬೆಲೆ ನಿಂತಿರೋದು. ನಾಳೆ ಪಕ್ಕದವನು ಅಂಗಳದಲ್ಲಿ ಲಾರಿ ನಿಲ್ಲಿಸಿದರೆ ನೀವು ಬಂದು ಎತ್ತಿಸ್ತೀರಾ?" ಅಂತ ಒಬ್ಬರು ಅಚ್ಚ ಕನ್ನಡದಲ್ಲೇ ಧ್ವನಿಸಂದೇಶ ಹಾಕಿ ಹೊರಟುಹೋದರು. ಮಾತಿನಲ್ಲಿ ಸತ್ವ ಇಲ್ಲದೇ ಇರಲಿಲ್ಲ. ಉಳಿದವರು ಸುಮಾರು ಅರವತ್ತು ಜನ. ಎಲ್ಲರೂ ಸೇರಿ ಒಂದು ಚೆಂದದ ಪತ್ರ ಬರೆದು, ಅದನ್ನೇ ಎಲ್ಲರ ಹೆಸರಿನಲ್ಲಿ ನಮ್ಮ ಪ್ರತಿನಿಧಿಯ ಕಚೇರಿಗೆ ಮಿಂಚಂಚೆ ಮಾಡಿದೆವು. ಎರಡು ದಿನ ಬಿಟ್ಟು ಫೋನ್ ಮಾಡಿ, ನಮ್ಮ ಪತ್ರಗಳು ಬಂದವಾ ಅಂತ ಕೇಳಿದೆ. "ಹೌದು, ನಿಮ್ಮ ಪತ್ರ ಬಂದಿದೆ" ಅಂದಳು ಆ ಕಡೆಯ ಹುಡುಗಿ, ಏಕವಚನದಲ್ಲಿ. ಅರವತ್ತು ಪತ್ರ ಅವಳಿಗೆ ಒಂದೇ ಆಗಿ ಕಂಡಿತ್ತು, ಅದು ಒಂದೇ ತಾನೇ?

ಆ ಹುಡುಗಿಗೆ ಇಪ್ಪತ್ಮೂರೋ ಇಪ್ಪತ್ನಾಲ್ಕೋ ಇರಬೇಕು. ಅವಳಿಂದ ಕಲಿತಷ್ಟು ನಾನು ಯಾರಿಂದಲೂ ಕಲಿಯಲಿಲ್ಲ. ಹಿಂಜರಿಯುತ್ತಲೇ, ನಾವು ಇಲ್ಲಿನ ನಾಗರಿಕರಲ್ಲ, ಓಟಿಲ್ಲ, ನಮ್ಮ ಮಾತು ಲೆಕ್ಕಕ್ಕೆ ಬರುತ್ತದೆಯೇ ಅಂದೆ. ನೀವು ನಮ್ಮ ಕ್ಷೇತ್ರದಲ್ಲಿ ವಾಸವಾಗಿದ್ದೀರಾ ಅಂತ ಕೇಳಿದಳು. ಹೌದು ಅಂದೆ. ಹಾಗಾದರೆ ನೀವು ನಮ್ಮ ಕ್ಷೇತ್ರದವರು, ಸಮಿತಿಯ ಮುಂದೆ ಮಾತಾಡಲು ಪೌರತ್ವ ಯಾರೂ ಕೇಳುವುದಿಲ್ಲ, ನಿಜ ಹೇಳುತ್ತೇನೆ ಅಂತ ಒಪ್ಪಿದರೆ ಸಾಕು ಅಂದಳು. ಫೋನಿಟ್ಟು ಯಜಮಾನರಿಗೆ ಹೇಳಿದೆ. ಅವರು ನಂಬಲಿಲ್ಲ, ವಕೀಲರಿಗೆ ಬರೆದು ಕೇಳಿದರು. ವಕೀಲರೂ ಅದನ್ನೇ ಹೇಳಿ ಅದಕ್ಕೊಂದು ಬಿಲ್ಲು ಕಳಿಸಿದರು.

ಅವಳು ಕೊಟ್ಟ ಸಲಹೆ: ಒಂದೇ ಪುಟ, ತಲೆಯಲ್ಲಿ ಪಿನ್‌ಕೋಡು, ನಿಮಗೇ ಆದ ಸಂಗತಿ, ಬೇಕಾದದ್ದು ಒಂದೇ ಒಂದು. "ಎಚ್‌ಒಎ ಅನ್ಯಾಯ" ಅಂತ ಬರೆಯಬೇಡಿ, ಎಷ್ಟನೇ ಕಲಂ ಅಂತ ಬರೆಯಿರಿ. ನಾವು ಮತ್ತೆ ಕೂತು ಬರೆದೆವು. ಹದಿನೇಳು ಮನೆ, ಹದಿನೇಳು ಕಥೆ. ಅಜ್ಜನದು ಕೈಬರಹ. ಮೂವತ್ತು ವರ್ಷ ಬೇರೆಯವರ ಕಾಗದ ಹಂಚಿದವನು, ತನ್ನದನ್ನು ಮಿಂಚಂಚೆಯಲ್ಲಿ ಕಳಿಸಲು ಸುತರಾಂ ಒಪ್ಪಲಿಲ್ಲ.

ಬ್ಲೂಬಾನೆಟ್ ಹೂ ರಸ್ತೆಯ ಇಕ್ಕೆಲದಲ್ಲೂ ನೀಲಿ ಚೆಲ್ಲಿದ್ದ ಕಾಲ. ಮಸೂದೆಯ ಮೇಲೆ ಸಮಿತಿಯ ಮುಂದೆ ಮಾತಾಡಲು ಬೆಳಗಿನ ನಾಲ್ಕಕ್ಕೆ ಮೂವರು ರಾಜಧಾನಿ ಆಸ್ಟಿನ್‌ಗೆ ಹೊರಟೆವು, ನಾನು, ನರ್ಸ್, ಅಜ್ಜ. ಐ-35 ಹೆದ್ದಾರಿಯಲ್ಲಿ ನಾಲ್ಕು ಗಂಟೆ. ದಾರಿಯಲ್ಲಿ ವೆಸ್ಟ್ ಅನ್ನುವ ಚೆಕ್ ವಲಸಿಗರ ಊರು ಸಿಗುತ್ತದೆ, ಅಲ್ಲಿ ಕೊಲಾಚೆ ಅನ್ನುವ ಹಣ್ಣಿನ ಬನ್ನು ಪ್ರಸಿದ್ಧ. ಅಜ್ಜನಿಗೆ ಅದು ಬೇಕೇ ಬೇಕು. ನನ್ನ ಡಬ್ಬಿಯಲ್ಲಿ ಚಿತ್ರಾನ್ನ ಇತ್ತು. ಚಿತ್ರಾನ್ನ ತಂದದ್ದು ಎಷ್ಟು ಒಳ್ಳೆಯದಾಯಿತು ಅನ್ನುವುದು ರಾತ್ರಿ ಗೊತ್ತಾಯಿತು.

ಆಸ್ಟಿನ್‌ನ ಕ್ಯಾಪಿಟಲ್, ಅಂದರೆ ಶಾಸನಸಭೆ ಕೂಡುವ ಸೌಧ, ಕೆಂಪು ಗ್ರಾನೈಟಿನ ಕಟ್ಟಡ, 1888ರದು. ಗುಮ್ಮಟದ ಕೆಳಗೆ ನಿಂತು ಕತ್ತೆತ್ತಿದಾಗ ನನಗೆ ವಿಧಾನಸೌಧದ "ಸರ್ಕಾರದ ಕೆಲಸ ದೇವರ ಕೆಲಸ" ಕಣ್ಮುಂದೆ ಬಂತು. ಹುಟ್ಟಿದ ರಾಜ್ಯದ ವಿಧಾನಸೌಧವನ್ನು ನಾನು ಕಬ್ಬನ್ ಪಾರ್ಕಿನ ಕಡೆಯಿಂದ ಬಸ್ಸಿನಲ್ಲಿ ಕೂತು ನೋಡಿದ್ದೇ ಹೊರತು ಒಂದು ದಿನವೂ ಒಳಗೆ ಕಾಲಿಟ್ಟವಳಲ್ಲ. ಇಲ್ಲಿ ಯಾರೂ ಗುರುತಿನ ಚೀಟಿ ಸಹ ಕೇಳದೆ ಒಳಗೆ ಬಿಟ್ಟಿದ್ದರು. ಬ್ಯಾಗ್ ತಪಾಸಣೆ, ಮುಖಕ್ಕೆ ಮಾಸ್ಕು, ಅಷ್ಟೆ.

ಸಮಿತಿಯ ಕೊಠಡಿಗಳು ನೆಲದಡಿಯ ಹೊಸ ಭಾಗದಲ್ಲಿವೆ. ಗೋಡೆಯ ಬಳಿಯ ಯಂತ್ರದಲ್ಲಿ ಹೆಸರು, ವಿಳಾಸ, ಯಾರ ಪರವಾಗಿ, ಮಸೂದೆಯ ಪರವೋ ವಿರೋಧವೋ ಎಲ್ಲ ಒತ್ತಿ ನೋಂದಾಯಿಸಬೇಕು. ಇದನ್ನು ಮನೆಯಲ್ಲಿ ಕೂತು ಮಾಡುವಂತಿಲ್ಲ, ಕ್ಯಾಪಿಟಲ್‌ನೊಳಗೇ ಇರಬೇಕು. ಬರಲಾಗದ ನಮ್ಮ ಗುಂಪಿನವರು ಆ ವರ್ಷ ಹೊಸದಾಗಿ ಬಂದಿದ್ದ ಆನ್‌ಲೈನ್ ಅಭಿಪ್ರಾಯದ ಪುಟದಲ್ಲಿ ಬರೆದರು. "ಯಾರ ಪರವಾಗಿ" ಎಂಬಲ್ಲಿ ನಾನು "ಸ್ವತಃ" ಅಂತ ಒತ್ತಿದೆ. ಪಕ್ಕದ ಯಂತ್ರದಲ್ಲಿ ಬೂದು ಸೂಟಿನವರೊಬ್ಬರು ಬೆರಳೇ ಕಾಣದಷ್ಟು ವೇಗದಲ್ಲಿ ನಾಲ್ಕಾರು ಮಸೂದೆಗೆ ನೋಂದಾಯಿಸಿ ಕಾಫಿಗೆ ಹೋದರು. ಎಚ್‌ಒಎಗಳಿಗೂ ಅವುಗಳ ಮ್ಯಾನೇಜರುಗಳಿಗೂ ದೇಶಮಟ್ಟದ ಸಂಸ್ಥೆ ಇದೆ, ಕಮ್ಯುನಿಟಿ ಅಸೋಸಿಯೇಷನ್ಸ್ ಇನ್‌ಸ್ಟಿಟ್ಯೂಟ್, 1973ರಿಂದಲೂ. ಟೆಕ್ಸಾಸ್‌ನಲ್ಲಿ ಅವರ ಪರ ವಾದಿಸಲು ಟೆಕ್ಸಾಸ್ ಕಮ್ಯುನಿಟಿ ಅಸೋಸಿಯೇಷನ್ ಅಡ್ವೊಕೇಟ್ಸ್. ಅವರಿಗೆ ಇದು ಪ್ರತಿ ಅಧಿವೇಶನದ ಕೆಲಸ, ನಮಗೆ ಒಂದು ದಿನದ ರಜೆ. ಅದರಲ್ಲಿ ಅಕ್ರಮವೇನಿಲ್ಲ. ಸಮಿತಿಯವರಿಗೆ ಒಂದು ಪದದ ಅರ್ಥ ಬೇಕಾದಾಗ ಕೈಗೆ ಸಿಗುವವರು ಯಾರು ಅನ್ನುವುದಷ್ಟೇ ವ್ಯತ್ಯಾಸ, ಆದರೆ ಅದು ಸಣ್ಣ ವ್ಯತ್ಯಾಸವಲ್ಲ.

ಆಮೇಲೆ ಕಾಯುವುದು. ನಮ್ಮ ಮಸೂದೆ ಇದ್ದ ಬಿಸಿನೆಸ್ ಅಂಡ್ ಇಂಡಸ್ಟ್ರಿ ಸಮಿತಿ ಬೆಳಿಗ್ಗೆ ಎಂಟಕ್ಕೆ ಸೇರುತ್ತದೆ ಅಂತ ನೋಟಿಸಿನಲ್ಲಿತ್ತು, ಸೇರಿತು ಕೂಡ. ಹತ್ತಕ್ಕೆ ಸದನ ಶುರುವಾಗುವ ಹೊತ್ತಿಗೆ ಎದ್ದಿತು. ಸದನ ಮುಗಿದ ಮೇಲೆ ಮತ್ತೆ. ಮುಗಿಯುವುದು ಯಾವಾಗ? ಅದನ್ನು ದೇವರೇ ಹೇಳಬೇಕು. ಮಧ್ಯಾಹ್ನ ಕಳೆಯಿತು, ಸಂಜೆಯಾಯಿತು. ಬೆಳಿಗ್ಗೆ ಕಾರಿಡಾರು ತುಂಬ ಇದ್ದ ಸಾಕ್ಷಿಗಳಲ್ಲಿ ಮಕ್ಕಳನ್ನು ಶಾಲೆಯಿಂದ ಕರೆತರಬೇಕಾದವರು ಹೋದರು, ದೂರದ ಊರಿನವರು ಹೋದರು. ಜನಾಭಿಪ್ರಾಯ ಎನ್ನುವುದು ಗಂಟೆಗೊಮ್ಮೆ ಸೋಸಿ ಸೋಸಿ, ಕೊನೆಗೆ ಕೆಲಸದ ಮೇಲೆ ಬಂದವರು ಮತ್ತು ಹಟಮಾರಿಗಳು ಮಾತ್ರ ಉಳಿದರು. ಏಳೂವರೆಗೆ ಚಿತ್ರಾನ್ನದ ಡಬ್ಬಿ ತೆರೆದೆ. ಬೂದು ಸೂಟಿನವರಿಗೂ ಕಾಗದದ ತಟ್ಟೆಯಲ್ಲಿ ಕೊಟ್ಟೆ. ಕಡಲೆಕಾಯಿ ಬೀಜ ಆರಿಸಿ ಆರಿಸಿ ತಿಂದು, ಇದರ ಹೆಸರು ಬರೆದುಕೊಡಿ ಅಂದರು.

ನಮ್ಮ ಸರದಿಗೆ ಒಂಬತ್ತಾಗಿತ್ತು. ಸಾಕ್ಷಿಗಳು ಹೆಚ್ಚಿದ್ದರಿಂದ ಮೂರು ನಿಮಿಷ ಎರಡಕ್ಕೆ ಇಳಿದಿತ್ತು. ನನಗಿಂತ ಮೊದಲು ವಿರೋಧವಾಗಿ ಮಾತಾಡಿದವರು ಒಂದು ಸಣ್ಣ ಎಚ್‌ಒಎಯ ಅಧ್ಯಕ್ಷೆ, ಅರವತ್ತೈದರ ಹೆಂಗಸು. ಸಂಬಳವಿಲ್ಲ, ರಾತ್ರಿ ಹನ್ನೊಂದಕ್ಕೆ ಫೋನು ಬರುತ್ತದೆ, ಯಾರದೋ ಮರ ಯಾರದೋ ಬೇಲಿಯ ಮೇಲೆ ಬಿದ್ದರೂ ಬೈಗುಳ ನನಗೇ, ಈಗ ಇಷ್ಟೊಂದು ಕಾಗದದ ಕೆಲಸ ಹೇರಿದರೆ ಬೋರ್ಡಿಗೆ ನಿಲ್ಲುವವರು ಯಾರು ಅಂದರು. ಕೇಳುತ್ತಾ ನಾನು ತಲೆಯಾಡಿಸುತ್ತಿದ್ದೆನಂತೆ. ನರ್ಸ್ ಮೊಣಕೈಯಿಂದ ತಿವಿದಳು.

ಮೈಕಿನ ಮುಂದೆ ಕೂತು ಹೆಸರು ಹೇಳಿದೆ, ಸ್ವತಃ ಬಂದಿದ್ದೇನೆ, ಮಸೂದೆಯ ಪರ ಅಂದೆ. ಎರಡು ತಿಂಗಳು ಅಭ್ಯಾಸ ಮಾಡಿದ್ದ ತೋರಣದ ಮಾತು ಆಡಲೇ ಇಲ್ಲ. ಆ ಬಾಗಿಲು ಬೇರೆ ಕಡೆ ತೆರೆಯುತ್ತಿತ್ತು. ಹ್ಯೂಸ್ಟನ್‌ನ ಸೆನೆಟರ್ ಪಾಲ್ ಬೆಟನ್‌ಕೋರ್ಟ್ ಅವರ ಎಸ್‌ಬಿ 581 ಅನ್ನುವ ಪುಟ್ಟ ಮಸೂದೆ ಧಾರ್ಮಿಕ ವಸ್ತುಗಳ ವಿಷಯವನ್ನೇ ಹಿಡಿದು ಸಾಗುತ್ತಿತ್ತು. ನಾನು ಹೇಳಿದ್ದು ಫೋಟೊಗಳ ವಿಷಯ. ನನ್ನ ಮನೆಯ ಹತ್ತು ತಿಂಗಳ ಫೋಟೊಗಳನ್ನು ನಾನು ಮೊದಲ ಸಲ ನೋಡಿದ್ದು ನನ್ನ ವಿಚಾರಣೆಯಲ್ಲಿ, ಉತ್ತರಿಸಲು ಸಿಕ್ಕಿದ್ದು ಫೋಟೊಗೆ ಅರ್ಧ ನಿಮಿಷ, ತಪ್ಪು ಇದ್ದರೆ ದಂಡ ಕಟ್ಟುತ್ತೇನೆ, ಆದರೆ ಮೊದಲು ತೋರಿಸಿ, 10 ದಿನ ಸಾಕು. ಹಳದಿ ದೀಪ ಹತ್ತಿತು. ಇನ್ನೂ ಮೂರು ವಾಕ್ಯ ಇತ್ತು, ಬಿಟ್ಟು ಎದ್ದೆ. "ಪ್ರಶ್ನೆಗಳಿವೆಯೇ? ಇಲ್ಲ. ಧನ್ಯವಾದ." ಮುಗಿಯಿತು. ಮತಕ್ಕೆ ಹಾಕುವುದಿಲ್ಲ, ಮಸೂದೆಯನ್ನು "ಬಾಕಿ" ಇಡುತ್ತಾರೆ. ವಾಪಸು ದಾರಿಯಲ್ಲಿ ಅಜ್ಜ ಹಿಂದಿನ ಸೀಟಿನಲ್ಲಿ ಗೊರಕೆ ಹೊಡೆದ. ಮನೆ ಮುಟ್ಟಿದಾಗ ಬೆಳಗಿನ ಜಾವ ಎರಡೂವರೆ.

ಆಮೇಲಿನ ಐದಾರು ವಾರ ನಾನು ಶಾಸನಸಭೆಯ ಜಾಲತಾಣವನ್ನು ಕ್ರಿಕೆಟ್ ಸ್ಕೋರಿನ ಹಾಗೆ ನೋಡಿದೆ. ಹೌಸ್‌ನ ಮಸೂದೆಯನ್ನು ಬಿಟ್ಟು ಸೆನೆಟ್‌ನ ಮಸೂದೆ ಮುಂದೆ ಸಾಗಿತು, ತಿದ್ದುಪಡಿಗಳು ಸೇರಿದವು, ಕೆಲವು ಪದಗಳು ಉದುರಿದವು. ಅಧಿವೇಶನ ಮುಗಿಯುವ ಹಿಂದಿನ ರಾತ್ರಿ, ಮೇ 30ರಂದು, ಇಡೀ ದೇಶವೇ ಟೆಕ್ಸಾಸ್ ಕಡೆ ತಿರುಗಿ ನೋಡಿತು. ಮತದಾನ ನಿಯಮಗಳ ಮಸೂದೆ ಎಸ್‌ಬಿ 7 ತಡೆಯಲು ಡೆಮಾಕ್ರಟರು ಸದನದಿಂದ ಎದ್ದು ಹೋಗಿ ಕೋರಂ ಮುರಿದರು. ಆ ಮಸೂದೆಯ ಕರ್ತೃ ಬ್ರಯನ್ ಹ್ಯೂಸ್. ಸದ್ದಿಲ್ಲದೆ ಹೊರಡಿ ಅಂತ ತಮ್ಮವರಿಗೆ ಸಂದೇಶ ಕಳಿಸಿದವರು ಕ್ರಿಸ್ ಟರ್ನರ್. ಟಿವಿಯಲ್ಲಿ ಎರಡೂ ಹೆಸರು ಕೇಳಿ ನಾನು ಚಹಾ ಲೋಟ ಕೆಳಗಿಟ್ಟೆ. ಹಾವು ಮುಂಗುಸಿಯಂತೆ ನಿಂತಿದ್ದ ಈ ಇಬ್ಬರೇ ನಮ್ಮ ಬೇಲಿ, ಕ್ಯಾಮೆರಾ, ಫೋಟೊಗಳ ಮಸೂದೆಯನ್ನು ಎರಡು ಕಡೆಯಿಂದ ಎತ್ತಿ ಹಿಡಿದವರು. ನಮ್ಮದು ಅಷ್ಟರಲ್ಲಿ ದಡ ಸೇರಿತ್ತು. ತೋರಣದ ಎಸ್‌ಬಿ 581 ಮೇ ಕೊನೆಗೇ ಜಾರಿಯಾಯಿತು. ಆ 25 ಚದರ ಇಂಚಿನ ಸಾಲನ್ನು ಅಳಿಸಲು ನಾನು ಒಂದು ಮಾತೂ ಆಡಿರಲಿಲ್ಲ. ಎಸ್‌ಬಿ 1588ಕ್ಕೆ ಜೂನ್‌ನಲ್ಲಿ ಗವರ್ನರ್ ಸಹಿ ಬಿತ್ತು, ಸೆಪ್ಟೆಂಬರ್ 1ಕ್ಕೆ ಜಾರಿಗೆ ಬಂತು. ಆ ದೀಪಾವಳಿಗೆ ಊರಿಂದ ಬಂದ ಗೆಳತಿ ತಂದುಕೊಟ್ಟ ಮಣಿ ತೋರಣ ಕಟ್ಟಿದೆ, ಚೌಕಟ್ಟು ದಾಟಿ ಗೋಡೆಯವರೆಗೆ.

ಜನ ಸುಮ್ಮನಿರುವುದಿಲ್ಲವಲ್ಲ. "ಅಷ್ಟು ಕಾನೂನು ಗೊತ್ತಿದ್ದರೆ ಬೋರ್ಡಿಗೇ ನಿಲ್ಲಿ" ಅಂದರು. ಮರುವರ್ಷ ನಿಂತೆ. ಎದುರಾಳಿಯೇ ಇರಲಿಲ್ಲ, ಯಾಕೆ ಅನ್ನುವುದು ಎರಡು ತಿಂಗಳಲ್ಲಿ ಅರ್ಥವಾಯಿತು. ಸಾಮಾನ್ಯ ಸಭೆಗೆ 144 ಗಂಟೆ ಮೊದಲು ನೋಟಿಸು, ವಿಶೇಷ ಸಭೆಗೆ 72 ಗಂಟೆ, 60 ಅಥವಾ ಹೆಚ್ಚು ಮನೆಗಳ ಸಂಘಕ್ಕೆ ಜಾಲತಾಣ, 50,000 ಡಾಲರ್ ಮೀರಿದ ಗುತ್ತಿಗೆಗೆ ಟೆಂಡರು, ಎಲ್ಲವೂ ನಾವು ಚಪ್ಪಾಳೆ ತಟ್ಟಿ ಸ್ವಾಗತಿಸಿದ್ದ ಆ ಮಸೂದೆಯದೇ. ಈಗ ಎಲ್ಲವೂ ನನ್ನ ಊಟದ ಮೇಜಿನ ಮೇಲೆ. ರಾತ್ರಿ ಹನ್ನೊಂದಕ್ಕೆ ಫೋನು ಬಂದಾಗಲೆಲ್ಲ ಆಸ್ಟಿನ್‌ನ ಆ ಅಧ್ಯಕ್ಷೆಯ ಮುಖ ನೆನಪಾಗುತ್ತಿತ್ತು. ಗುಂಪು ಮಾತ್ರ ಬತ್ತಲಿಲ್ಲ. ದಂಡದ ಪಟ್ಟಿಯನ್ನು ಮೊದಲೇ ಪ್ರಕಟಿಸಬೇಕು ಎಂಬ 2023ರ ಎಚ್‌ಬಿ 614ಕ್ಕೆ ಕೆಲವರು ಬರೆದರು. ನೀರು ಹಾಯಿಸಬೇಡಿ ಅಂತ ಊರೇ ನಿರ್ಬಂಧ ಹಾಕಿರುವಾಗ ಹುಲ್ಲು ಕಂದಿತೆಂದು ದಂಡ ಹಾಕುವಂತಿಲ್ಲ ಎಂಬ 2025ರ ಎಚ್‌ಬಿ 517ಕ್ಕೂ ಬರೆದರು. ಆ ಹೊತ್ತಿಗೆ ನಾನು ಬರೆಯುವವರ ಕಡೆ ಇದ್ದೆನೋ ಬರೆಸಿಕೊಳ್ಳುವವರ ಕಡೆ ಇದ್ದೆನೋ, ನನಗೇ ಖಚಿತವಿರಲಿಲ್ಲ.

ಅಜ್ಜನ ಬೋಟಿನ ಪ್ರಸಂಗ ಆದದ್ದು ಈ ಎರಡರ ನಡುವೆ. ಮಗನ ಮೀನು ಹಿಡಿಯುವ ಬೋಟನ್ನು ಟ್ರೇಲರ್ ಸಮೇತ ತಂದು ಮನೆ ಮುಂದಿನ ಸಿಮೆಂಟಿನ ಮೇಲೆ ಎರಡು ತಿಂಗಳು ನಿಲ್ಲಿಸಿಕೊಂಡ. ಹಾಗೆ ನಿಲ್ಲಿಸುವಂತಿಲ್ಲ ಅಂತ ನಿಯಮದಲ್ಲಿ ಸ್ಪಷ್ಟವಾಗಿದೆ. ದೂರು ಬಂತು, ಒಂದಲ್ಲ, ಐದು. ಸ್ನೇಹಕ್ಕೆ ಒಂದು ಸಲ ಬಾಯಿಮಾತಲ್ಲಿ ಹೇಳಿದೆ, ಅವನು ಮಳೆಯ ವಿಷಯ ಮಾತಾಡಿದ. ಕಾಗದ ಹೋಯಿತು, ಮೊಹರು ನಮ್ಮದು, ಸಹಿ ನನ್ನದು. ಅವನು ವಿಚಾರಣೆ ಕೇಳಿದ.

ಸಮುದಾಯ ಭವನದಲ್ಲಿ ಸಭೆ. ಅಂಗಿಗೆ ಗುಂಡಿ ಹಾಕಿಕೊಂಡು, ಕೂದಲಿಗೆ ನೀರು ಹಚ್ಚಿ ಬಾಚಿಕೊಂಡು ಬಂದಿದ್ದ. ನಾನು ಫೈಲು ತೆರೆದು ಮೊದಲ ಫೋಟೊ ಎತ್ತಿದೆ. ಅವನು ಕೈ ಎತ್ತಿದ. ಜೇಬಿನಿಂದ ನಾಲ್ಕಾಗಿ ಮಡಿಸಿದ ಹಾಳೆ ತೆಗೆದ. ಆಸ್ಟಿನ್‌ನಿಂದ ಬಂದ ಮೇಲೆ ನಾನೇ ಮುದ್ರಿಸಿ ಎಲ್ಲರಿಗೂ ಹಂಚಿದ್ದ ಹಾಳೆ ಅದು, 209.007ನೇ ಕಲಂ. ಹಳದಿ ಬಣ್ಣ ಹಚ್ಚಿದ ಸಾಲೂ ನಾನೇ ಹಚ್ಚಿದ್ದದ್ದು.

"ಕಟ್ಟು ನನಗೆ ಏಳು ದಿನದ ಹಿಂದೆ ಬಂತು. 10 ಇರಬೇಕು" ಅಂದ.

ಮ್ಯಾನೇಜರ್ ಕ್ಯಾಲೆಂಡರ್ ನೋಡಿದ, ನನ್ನ ಮುಖ ನೋಡಿದ. ಏಳೇ. ವಿಚಾರಣೆಯನ್ನು 15 ದಿನ ಮುಂದಕ್ಕೆ ಹಾಕಿ, ನಡಾವಳಿ ಪುಸ್ತಕದಲ್ಲಿ ಬರೆದು ಸಹಿ ಮಾಡಿದೆ. ಅಜ್ಜ ಹಾಳೆಯನ್ನು ಮತ್ತೆ ನಾಲ್ಕಾಗಿ ಮಡಿಸಿ ಜೇಬಿಗಿಟ್ಟುಕೊಂಡು, ಹೊರಡುವಾಗ ಆ ಹಳದಿ ಅನ್ನ ಮತ್ತೆ ಯಾವಾಗ ಮಾಡುತ್ತೀ ಅಂತ ಕೇಳಿದ.

ಹದಿನೈದನೆಯ ದಿನ ಬೆಳಿಗ್ಗೆ ಬಾಗಿಲು ಸಾರಿಸಿ ರಂಗೋಲಿ ಎಳೆಯಲು ಹೊರಗೆ ಬಂದೆ. ರಾತ್ರಿಯೆಲ್ಲ ಮಳೆ ಸುರಿದು ಬೀದಿ ತೊಯ್ದಿತ್ತು. ಎದುರು ಮನೆಯ ಮುಂದಿನ ಸಿಮೆಂಟಿನ ಮೇಲೆ ಮಾತ್ರ, ಬೋಟಿನ ಆಕಾರದಲ್ಲಿ, ಒಂದು ಒಣ ಜಾಗ ಉಳಿದಿತ್ತು.